ಫೋನ್ ಬರಲಿಲ್ಲ ಅಂದ್ರೆ ಚೆನ್ನಾಗಿದೀರಿ ಅಂತ

ಆಸ್ಪತ್ರೆಯಲ್ಲಿ ಒಂದು ರೂಢಿ ಇತ್ತು. ಫಿನಾಯಿಲಕ್ಕನ ಕೈಗೆ ಬಂದದ್ದು ಮುಗಿದದ್ದು.

ರಕ್ತ ಹತ್ತಿದ ಬಟ್ಟೆ ಬರಲಿ, ಕತ್ತರಿಸಿ ತೆಗೆದ ಬೆರಳು ಬರಲಿ, ಯಾರದೋ ಉಚ್ಚೆಯ ಬಾಟಲಿ ಬರಲಿ, ಹಳದಿ ಚೀಲದಲ್ಲಿ ಗಂಟು ಬಿದ್ದು ಅವಳ ಕೈಗೆ ಬಂತು ಅಂದರೆ ಅದರ ಕೆಲಸ ಆಗಿದೆ ಅಂತ ಅರ್ಥ. ನೋಡಬೇಕಾದವರು ನೋಡಿಯಾಗಿದೆ. ಅವಳು ಕೇಳುವುದೇನೂ ಉಳಿದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ಬಾಯಿ ತಪ್ಪಿ, "ಇದನ್ನ ಬಿಸಾಕೋದಾ ಸಾರ್?" ಅಂತ ಕೇಳಿದ್ದಳು. "ನಿನ್ನ ಕೈಗೆ ಕೊಟ್ಟಿದೀನಿ ಅಂದ್ರೆ ಮತ್ತೇನು, ಷೋಕೇಸಲ್ಲಿ ಇಡೋಕಾ?" ಅಂದಿದ್ದ ಲ್ಯಾಬಿನವನು. ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಕೇಳಲಿಲ್ಲ. ಚೀಲ ಎತ್ತುವುದು, ಹಿಂದಿನ ಮೆಟ್ಟಿಲು ಇಳಿಯುವುದು, ಹಿತ್ತಲ ಗೂಡಿನ ಬೆಂಕಿಗೆ ಹಾಕುವುದು. ಮುಂದಿನ ಬಾಗಿಲು ಅವಳಿಗಲ್ಲ. ಅದನ್ನು ಒರೆಸುವುದು ಮಾತ್ರ ಅವಳ ಪಾಲು.

ಫಿನಾಯಿಲಕ್ಕ ಅಂತ ಹೆಸರಿಟ್ಟವರು ಓಣಿಯವರು. ಎಷ್ಟು ಸೋಪು ತಿಕ್ಕಿದರೂ ಆ ವಾಸನೆ ಅವಳ ಮೈ ಬಿಡುತ್ತಿರಲಿಲ್ಲ. ಅವಳ ಗಂಡ ಮುಳುಗ. ಊರಿನ ಒಳಚರಂಡಿ ಕಟ್ಟಿಕೊಂಡಾಗ ಗುಂಡಿಯೊಳಗೆ ಇಳಿಯುವವನು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಕಬ್ಬಿಣದ ಸರಳು, ಎದೆಮಟ್ಟ ಕೊಳೆ. ಮೇಲೆ ಹತ್ತಿ ಬಂದರೆ ಯಾರದೋ ಮನೆಯ ಗೇಟಿನ ಹೊರಗೆ ಪೈಪಿನ ನೀರು ಮೈಮೇಲೆ ಬಿಡುತ್ತಿದ್ದರು, ದನಕ್ಕೆ ಬಿಟ್ಟ ಹಾಗೆ. "ಜೋಡಿ ಚೆನ್ನಾಗಿದೆ ಕಣ್ರೋ, ಒಬ್ಬ ಗಬ್ಬು ಎಬ್ಬಿಸ್ತಾನೆ, ಒಬ್ಬಳು ಅಡಗಿಸ್ತಾಳೆ" ಅಂತ ಓಣಿಯ ತಮಾಷೆ. ಮುಳುಗ ತಾನೂ ನಗುತ್ತಿದ್ದ. ಊರಿನವರ ಹೇಲು ಬಾಚಿ ಅನ್ನ ತಿನ್ನುವುದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ. ನಾಚಿಕೆ ಬಂದದ್ದು ತನ್ನದನ್ನು ಕೊಡು ಅಂದಾಗ.

ಊರಿಗೆಲ್ಲ ಮಾಸ್ಕು ಹಾಕಿಸಿದ ಆ ರೋಗ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಆಸ್ಪತ್ರೆಯಿಂದ ಡಬ್ಬಿ ಮೇಡಂ ಓಣಿಗೆ ಬಂದರು. ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಡಬ್ಬಿಗಳು, ಹಸಿರು ಮುಚ್ಚಳ, ಮುಚ್ಚಳದಲ್ಲೇ ಒಂದು ಕಡ್ಡಿ. ಆ ಕಡ್ಡಿಯನ್ನು ಹೇಲಿಗೆ ಚುಚ್ಚಿ, ಮತ್ತೆ ಡಬ್ಬಿಯೊಳಗೆ ತಿರುಗಿಸಿ ಮುಚ್ಚಿ ಕೊಡಬೇಕು. ಕಣ್ಣಿಗೆ ಕಾಣದ ರಕ್ತ ಇದ್ದರೆ ಯಂತ್ರ ಹಿಡಿಯುತ್ತದೆ. ಕರುಳಿನ ಕ್ಯಾನ್ಸರ್ ಇದ್ದರೆ ಮೊದಲೇ ಸಿಕ್ಕಿಬೀಳುತ್ತದೆ. ಮೊದಲೇ ಸಿಕ್ಕರೆ ಮನುಷ್ಯ ಉಳಿಯುತ್ತಾನೆ. ಮೇಡಂ ಇಷ್ಟನ್ನೂ ಚೆನ್ನಾಗಿಯೇ ಹೇಳಿದರು. ಯಾರೂ ಡಬ್ಬಿ ಮುಟ್ಟಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಮನೆಯೊಳಗೆ ಹೋದರು. ಗಂಡಸರು ಬೀಡಿ ಹಚ್ಚಿದರು.

"ನೀನು ನಮ್ಮವಳೇ ಅಲ್ವಾ, ನೀನೇ ಹೇಳಮ್ಮ" ಅಂತ ಮೇಡಂ ಫಿನಾಯಿಲಕ್ಕನ ಕೈ ಹಿಡಿದುಕೊಂಡರು. ಆಸ್ಪತ್ರೆಯವರು ಯಾರೂ ಅವಳ ಕೈ ಹಿಡಿದದ್ದಿಲ್ಲ. ಅವಳು ಉಬ್ಬಿಹೋದಳು.

ನಲ್ಲಿಕಟ್ಟೆಯ ಮೇಲೆ ಕೂತು ಶುರು ಮಾಡಿದಳು. "ಏನ್ರಪ್ಪಾ ನಿಮ್ಮ ಹೊಟ್ಟೆಯೊಳಗೆ ಚಿನ್ನ ಇದೆಯಾ ಬಚ್ಚಿಟ್ಕೊಳ್ಳೋಕೆ? ಎಲ್ಲರದೂ ಅದೇ. ದೊಡ್ಡ ಡಾಕ್ಟರದ್ದೂ ಅದೇ, ನಾನು ಒರೆಸಿದೀನಿ, ಗೊತ್ತು." ನಗು ಬಂತು. ನಗು ಬಂದ ಮೇಲೆ ನಾಚಿಕೆ ಅರ್ಧ ಹೋಗುತ್ತದೆ. ಗಡಿಯಾರ ರಿಪೇರಿಯ ಗಡಿಯಾರದಣ್ಣ ಮೊದಲು ಡಬ್ಬಿ ತಗೊಂಡ. ಹೊಲಿಗೆಯವಳು ತನಗೊಂದು, ಮನೆಗೆ ಬಣ್ಣ ಹೊಡೆಯುವ ಗಂಡನಿಗೊಂದು ತಗೊಂಡಳು. ಓಣಿಯೆಲ್ಲ ಒಪ್ಪಿತು. ಒಪ್ಪದೆ ಉಳಿದವನು ಅವಳ ಗಂಡ ಒಬ್ಬನೇ.

"ಊರೋರ ಹೇಲನ್ನೆಲ್ಲ ಮೈಮೇಲೆ ಸುರ್ಕೊಂಡಿದೀನಿ ಕಣೇ. ನಂದು ಅಂತ ಉಳಿದಿರೋದು ಇದೊಂದು. ಇದನ್ನೂ ಡಬ್ಬಿಗೆ ಹಾಕಿ ಆ ಮೇಡಂ ಕೈಗೆ ಕೊಡ್ಲಾ? ನಂಗೆ ಮಾನ ಇಲ್ವಾ?"

"ನೀವು ಕೊಡದಿದ್ರೆ ನನ್ನ ಮಾನ ಹೋಗುತ್ತೆ. ಊರಿಗೆಲ್ಲ ಹೇಳಿದೋಳ ಗಂಡನೇ ಕೊಡ್ಲಿಲ್ಲ ಅಂತಾರೆ."

ಅವನು ಕೊಟ್ಟ. ಡಬ್ಬಿಯನ್ನು ಹಾಳೆಯಲ್ಲಿ ಸುತ್ತಿ, ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅವಳ ಮುಖ ನೋಡದೆ ಕೊಟ್ಟ. ಮೇಡಂ ಹೋಗುವಾಗ ಓಣಿಗೆಲ್ಲ ಕೇಳುವ ಹಾಗೆ ಹೇಳಿದರು: "ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ. ಫೋನ್ ಬರಲಿಲ್ಲ ಅಂದ್ರೆ ಚೆನ್ನಾಗಿದೀರಿ ಅಂತ."

ಡಬ್ಬಿಗಳು ಲ್ಯಾಬಿನ ಫ್ರಿಜ್ಜಿಗೆ ಹೋದವು. ಹಿಂದೆಯೇ ರೋಗ ಬಂತು.

ಬೀದಿ ಮುಚ್ಚಿತು. ಬಸ್ಸು ನಿಂತಿತು. ಆಸ್ಪತ್ರೆಯ ಮುಂದಿನ ಹಾಲಿನ ತುಂಬ ಕೆಮ್ಮು. ಒಂದು ಬೆಳಿಗ್ಗೆ ಲ್ಯಾಬಿನವನು ಬಾಗಿಲಲ್ಲಿ ನಿಂತು ಹಳದಿ ಚೀಲಗಳನ್ನು ಅವಳ ಕಡೆ ಚಾಚಿದ. ಅವನ ಕಣ್ಣು ಕೆಂಪಾಗಿತ್ತು, ನಿದ್ದೆ ಇಲ್ಲದೆ ತೂರಾಡುತ್ತಿದ್ದ. ಮೂಗಿನೊಳಗೆ ಕಡ್ಡಿ ಹಾಕಿ ತೆಗೆದ ಸ್ಯಾಂಪಲ್‌ಗಳು ಫ್ರಿಜ್ಜಿನ ಹೊರಗೆ ಟ್ರೇಗಟ್ಟಲೆ ಕಾದಿದ್ದವು. "ಬೇಗ, ಬೇಗ" ಅಂದ. ಅವಳು ಕೈ ಚಾಚಿ ತಗೊಂಡಳು. ಕೇಳಲಿಲ್ಲ.

ಮೆಟ್ಟಿಲಲ್ಲಿ ಒಂದು ಚೀಲದ ಗಂಟು ಸಡಿಲಾಗಿ ಹಸಿರು ಮುಚ್ಚಳಗಳು ಕಂಡವು. ಅವಳಿಗೆ ನಗು ಬಂತು. ನಮ್ಮ ಓಣಿಯ ಮಾನವೆಲ್ಲ ಇದರಲ್ಲಿದೆ ಅಂದುಕೊಂಡಳು. ಗೂಡಿಗೆ ಹಾಕಿದಳು. ಪ್ಲಾಸ್ಟಿಕ್ ಸುಟ್ಟ ಕಮಟು ಹೊಗೆ ಎದ್ದಿತು. ಸಂಜೆ ನಲ್ಲಿಕಟ್ಟೆಯ ಹತ್ತಿರ ದೂರದೂರ ನಿಂತಿದ್ದ ಜನಕ್ಕೆ ಕೂಗಿ ಹೇಳಿದಳು: "ನಿಮ್ಮ ಡಬ್ಬಿ ಎಲ್ಲ ನೋಡಿ ಆಯ್ತು ಕಣ್ರೋ. ನಾನೇ ಕೈಯಾರೆ ಸುಟ್ಟೆ. ಇನ್ನು ಯಾರ ಕಣ್ಣಿಗೂ ಬೀಳಲ್ಲ."

ಎಲ್ಲರೂ ಫೋನು ಕೈಯಲ್ಲಿ ಹಿಡಿದು ಕಾದರು. ಯಾರಿಗೂ ಫೋನ್ ಬರಲಿಲ್ಲ. "ನನ್ನ ಹೇಲು ಪಾಸಾಯ್ತು" ಅಂದ ಗಡಿಯಾರದಣ್ಣ. "ಇಸ್ಕೂಲಲ್ಲಿ ಒಂದು ಸಲಾನೂ ಪಾಸಾಗದೋನು ನೋಡ್ರಪ್ಪ, ಇದ್ರಲ್ಲಿ ಫಸ್ಟ್ ಕ್ಲಾಸು." ರೋಗದ ಆ ಕೆಟ್ಟ ಕಾಲದಲ್ಲಿ ಓಣಿ ನಕ್ಕದ್ದು ಅದೊಂದಕ್ಕೆ. ಮುಳುಗನಂತೂ ಹೆಂಡತಿಯ ಬೆನ್ನು ತಟ್ಟಿ, "ಪರವಾಗಿಲ್ಲ ಕಣೇ, ಒಳಗಿಂದ ನಾನು ಕ್ಲೀನು" ಅಂದ.

ಆಮೇಲೆ ಅವನಿಗೆ ರಕ್ತ ಬಿತ್ತು.

ಮೊದಲು ಸ್ವಲ್ಪ. ಅವನು ಹೇಳಲಿಲ್ಲ. ಚಡ್ಡಿ ತಾನೇ ಒಗೆದುಕೊಳ್ಳಲು ಶುರು ಮಾಡಿದಾಗ ಅವಳಿಗೆ ಗೊತ್ತಾಯಿತು. ಮದುವೆಯಾದಾಗಿಂದ ಒಂದು ಕರವಸ್ತ್ರ ಒಗೆದವನಲ್ಲ. ಕೇಳಿದ್ದಕ್ಕೆ, "ಮೂಲವ್ಯಾಧಿ ಇರಬೇಕು ಬಿಡು. ಡಬ್ಬಿ ಪಾಸಾಗಿದೆಯಲ್ಲ" ಅಂದ. ಅವಳಿಗೂ ಸರಿ ಅನ್ನಿಸಿತು. ಯಂತ್ರ ನೋಡಿದೆ, ಡಾಕ್ಟರು ನೋಡಿದ್ದಾರೆ, ತಾನು ಸುಟ್ಟಿದ್ದೇನೆ. ಇನ್ನು ಯಾರನ್ನು ಕೇಳುವುದು?

ಅವನ ಕೆಲಸ ನಿಲ್ಲಲಿಲ್ಲ. ಊರಿನ ಜನ ಮನೆಯೊಳಗೆ ಕೂತು ತಿಂದು ತಿಂದು ಚರಂಡಿ ತುಂಬಿಸುತ್ತಿದ್ದರು. ಸಂಜೆಗೆ ಮಾಳಿಗೆ ಮೇಲೆ ನಿಂತು ಚಪ್ಪಾಳೆ ಹೊಡೆದು, ನೀವೇ ನಮ್ಮನ್ನು ಕಾಪಾಡುವವರು ಅಂದರು. ಮರುದಿನ ಅದೇ ಬೀದಿಯ ಅಂಗಡಿಯವನು ಅವನಿಗೆ ಬ್ರೆಡ್ಡನ್ನು ಕೋಲಿನ ತುದಿಯಲ್ಲಿ ತಳ್ಳಿದ. ಮುಳುಗ ಬ್ರೆಡ್ಡು ಎತ್ತಿಕೊಂಡು ಬಂದ. ಗುಂಡಿಯಿಂದ ಮೇಲೆ ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮುಖ ಸುಣ್ಣದ ಗೋಡೆ. ಒಂದು ಸಲ ಹಗ್ಗ ಹಿಡಿದವರು ಎಳೆದೇ ತೆಗೆದರು.

ಆಸ್ಪತ್ರೆಗೆ ಹೋದರು. ಹೆಂಡತಿ ಒಳಗೆ ನೆಲ ಒರೆಸುವ ಆಸ್ಪತ್ರೆಯ ಹೊರಗೆ ಗಂಡ ಬಿಸಿಲಲ್ಲಿ ನಿಂತ. ಗಾರ್ಡು ಕೇಳಿದ, ಜ್ವರ ಇದೆಯಾ? ಇಲ್ಲ. ಕೆಮ್ಮು? ಇಲ್ಲ. ಮೂಗಿಗೆ ಕಡ್ಡಿ ಹಾಕಿದರು. "ನೆಗೆಟಿವ್. ಚೆನ್ನಾಗಿದೀಯ, ಮನೆಗೆ ಹೋಗು." ರಕ್ತ ಬೀಳ್ತಿದೆ ಸಾರ್ ಅಂದ, ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. ಗಾರ್ಡಿಗೂ ಕೇಳಲಿಲ್ಲ. ಎಲ್ಲಿಂದ? ಜೋರಾಗಿ ಹೇಳು. ಅವನು ಹೇಳಲಿಲ್ಲ. ವಾಪಸ್ಸು ಬಂದ. ಎರಡನೇ ಸಲ ಹೋದಾಗಲೂ ಮೂಗೇ ನೋಡಿದರು. ಊರಿನಲ್ಲಿ ಆಗ ಇದ್ದದ್ದು ಒಂದೇ ರೋಗ. ಉಳಿದ ರೋಗಗಳಿಗೆಲ್ಲ ರಜೆ ಕೊಟ್ಟಿದ್ದರು.

ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೋಣೆ ಎರಡನೇ ಮಹಡಿಯಲ್ಲಿತ್ತು. ಅದರ ಬೀಗದ ಕೈ ಫಿನಾಯಿಲಕ್ಕನ ಸೊಂಟದಲ್ಲೇ ಇತ್ತು. ಅದನ್ನು ಮುಚ್ಚಿ ಪ್ಲಾಸ್ಟಿಕ್ ನಿಲುವಂಗಿಗಳ ಗೋದಾಮು ಮಾಡಿದ್ದರು. ರೋಗಿ ಮಲಗುವ ಮಂಚದ ಮೇಲೆ ರಟ್ಟಿನ ಪೆಟ್ಟಿಗೆ ಜೋಡಿಸಿದವಳು ಅವಳೇ. ಅದೇ ಮಂಚದ ಮೇಲೆ ಗಂಡ ಮಲಗಬೇಕಿತ್ತು ಅಂತ ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರನ್ನು ಕೇಳುತ್ತಿದ್ದಳು?

ಆ ಬೇಸಿಗೆಯಲ್ಲಿ ಹೊಲಿಗೆಯವಳ ಗಂಡ ಸತ್ತ. ಹೊಟ್ಟೆನೋವು, ಆಮೇಲೆ ಕಣ್ಣು ಹಳದಿ, ಆಮೇಲೆ ಮಾತಿಲ್ಲ. ಊರೆಲ್ಲ ರೋಗದಲ್ಲಿ ಸಾಯುವಾಗ ಅವನೂ ಅದರಲ್ಲೇ ಸತ್ತ ಅಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಮುಖ ತೋರಿಸಲಿಲ್ಲ. ಹೊಲಿಗೆಯವಳು ಆ ವಾರವೆಲ್ಲ ಜನಕ್ಕೆ ಮಾಸ್ಕು ಹೊಲಿದು ಕೊಟ್ಟಳು, ಅಳುತ್ತಲೇ.

ವರ್ಷ ತಿರುಗಿತು. ಒಂದು ಮಧ್ಯಾಹ್ನ ಮುಳುಗ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಬಿದ್ದ. ಹೊಟ್ಟೆ ನಗಾರಿಯಾಗಿತ್ತು. ಬಾಯಿಂದ ಬಂದ ವಾಂತಿಯ ವಾಸನೆ ಅವಳಿಗೆ ಗೊತ್ತಾಯಿತು. ಅದು ಅವನ ಕೆಲಸದ ವಾಸನೆ. ಕರುಳು ಪೂರ್ತಿ ಕಟ್ಟಿಕೊಂಡಿತ್ತು. ಊರಿನ ಚರಂಡಿಗೆಲ್ಲ ಸರಳು ಹಾಕಿ ಬಿಡಿಸಿದವನ ಕರುಳು ಕಟ್ಟಿಕೊಂಡು ಅವನನ್ನು ಕೊಲ್ಲುತ್ತಿತ್ತು.

ಕೊಯ್ದರು. ಮುಗಿಸಿ ಹೊರಗೆ ಬಂದ ಸರ್ಜನ್ ಗ್ಲೌಸು ಕಿತ್ತು ಬಕೆಟ್ಟಿಗೆ ಎಸೆದು ಅವಳನ್ನು ಬೈದರು.

"ಏನಮ್ಮ, ಆಸ್ಪತ್ರೆಯಲ್ಲೇ ಕೆಲಸ ಮಾಡ್ತೀಯ, ನಿನಗೆ ಗೊತ್ತಾಗಲ್ವಾ? ಗಡ್ಡೆ ಇಷ್ಟು ದಪ್ಪ ಇದೆ. ಲಿವರಿಗೆ ಹಬ್ಬಿದೆ. ಒಂದು ವರ್ಷದ ಹಿಂದೆ ಬಂದಿದ್ರೆ ಕತ್ತರಿಸಿ ತೆಗೆದು ಮನೆಗೆ ಕಳಿಸ್ತಿದ್ದೆ. ನಾಚಿಕೆ ನಾಚಿಕೆ ಅಂತ ಮುಚ್ಚಿಟ್ಟು ಮುಚ್ಚಿಟ್ಟು ಸಾಯ್ತೀರಿ. ಡಬ್ಬಿ ಪರೀಕ್ಷೆ ಇದೆಯಲ್ಲ, ಕೊಡೋಕೇನು ನಿಮಗೆ?"

"ಕೊಟ್ಟಿದ್ವಿ ಸಾರ್."

"ಯಾವಾಗ?"

"ರೋಗ ಬರೋಕೆ ಮುಂಚೆ. ಪಾಸಾಗಿತ್ತು."

"ಪಾಸಾ? ಸಾಧ್ಯಾನೇ ಇಲ್ಲ. ಇದು ಆಗ್ಲೇ ರಕ್ತ ಸೋರ್ತಾ ಇರುತ್ತೆ." ಸರ್ಜನ್ ಲ್ಯಾಬಿನವನನ್ನು ಕರೆಸಿದರು. ಅವನು ಕಂಪ್ಯೂಟರ್ ನೋಡಲಿಲ್ಲ. ನೆಲ ನೋಡಿದ. ಆ ಹೆಸರಿನ ಡಬ್ಬಿ ಇಲ್ಲಿಗೆ ಬಂದೇ ಇಲ್ಲ ಸಾರ್ ಅಂದ. ಸರ್ಜನ್ ಅವಳ ಕಡೆ ತಿರುಗಿ ಕೈ ಝಾಡಿಸಿ ಹೋದರು. ಸುಳ್ಳು ಹೇಳುವ ಜನ ಎಂಬ ಹಾಗೆ.

ಸುಳ್ಳು ಯಾರದು ಅಂತ ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಹಸಿರು ಮುಚ್ಚಳ, ಸಡಿಲಾದ ಗಂಟು, ಕಮಟು ಹೊಗೆ. ಲ್ಯಾಬಿನವನು ಕಾರಿಡಾರಿನ ತುದಿಯಲ್ಲಿ ಅವಳಿಗಾಗಿ ನಿಂತಿದ್ದ.

"ನೋಡ್ಲಿಲ್ಲ ಅಕ್ಕಾ" ಅಂದ. ಅವನು ಅಕ್ಕ ಅಂದದ್ದು ಅದೇ ಮೊದಲು. "ಒಂದನ್ನೂ ತೆರೀಲಿಲ್ಲ. ಫ್ರಿಜ್ಜಲ್ಲಿ ಜಾಗ ಬೇಕಿತ್ತು, ಮೇಲಿಂದ ಖಾಲಿ ಮಾಡು ಅಂದ್ರು. ಆಮೇಲೆ ಜನಕ್ಕೆ ತಿಳಿಸ್ತೀವಿ ಅಂತ ಅಂದ್ರು. ಯಾರೂ ತಿಳಿಸ್ಲಿಲ್ಲ."

"ನನ್ನ ಕೈಗೆ ಕೊಟ್ರಲ್ಲ ಸಾರ್."

"ಹೂಂ."

"ನನ್ನ ಕೈಗೆ ಕೊಟ್ಟಿದ್ದು ಮುಗಿದಿದ್ದು ಅಂತ ಅಲ್ವಾ?"

ಅವನು ಲ್ಯಾಬಿನ ಕಡೆ ತಿರುಗಿ ಹೋದ. ಜಾಗ ಬೇಕಿತ್ತು, ಒಪ್ಪೋಣ. ಜನ ಹುಳದ ಹಾಗೆ ಸಾಯುತ್ತಿದ್ದರು, ಅದನ್ನೂ ಒಪ್ಪೋಣ. ಒಂದು ಫೋನ್ ಮಾಡಲು ಇವರಿಗೇನು ಬಂದಿತ್ತು? ನಿಮ್ಮ ಡಬ್ಬಿ ನೋಡಲಿಲ್ಲ, ನೀವು ಚೆನ್ನಾಗಿದ್ದೀರೋ ಇಲ್ಲವೋ ನಮಗೆ ಗೊತ್ತಿಲ್ಲ ಅಂತ ಒಂದು ಮಾತು. ಫೋನ್ ಮಾಡದಿದ್ದರೆ ಚೆನ್ನಾಗಿದ್ದೀರಿ ಅಂತ ಹೇಳಿ ಹೋದವರು, ಸುಮ್ಮನಿದ್ದೇ ಓಣಿಗೆಲ್ಲ ಸುಳ್ಳು ಹೇಳಿದರು.

ಮುಳುಗ ಮನೆಗೆ ಬಂದ. ಹೊಟ್ಟೆಯ ಎಡಗಡೆ ಕರುಳಿನ ತುದಿಯನ್ನು ಹೊರಗೆ ತೆಗೆದು ಹೊಲಿದಿದ್ದರು. ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಚೀಲ ತುಂಬಿದಾಗ ಅವಳು ಬಿಡಿಸಿ, ಸುತ್ತಲಿನ ಚರ್ಮ ಒರೆಸಿ, ಹೊಸದು ಅಂಟಿಸಬೇಕು. ಅವನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಚೀಲದಿಂದ ಗಾಳಿಯ ಸದ್ದು ಬಂದರೆ ಕೆಮ್ಮಿ ಮುಚ್ಚುತ್ತಿದ್ದ. ಯಾರಾದರೂ ನೋಡಲು ಬಂದರೆ ಹೊದಿಕೆ ಎಳೆದುಕೊಂಡು ನಿದ್ದೆ ಬಂದವನ ಹಾಗೆ ಬಿದ್ದಿರುತ್ತಿದ್ದ. ಗೇಟಿನ ಹೊರಗೆ ಪೈಪಿನ ನೀರಿಗೆ ಮೈಯೊಡ್ಡಿ ನಕ್ಕವನು ಹೆಂಡತಿಯ ಕೈಗೆ ಮೈಯೊಡ್ಡಲು ನಾಚಿ ಸಾಯುತ್ತಿದ್ದ.

ಅವಳಿಗೆ ತನ್ನ ನಾಚಿಕೆ ಬೇರೆ ಇತ್ತು. ಅದನ್ನು ಯಾರ ಮುಂದೆಯೂ ಬಿಚ್ಚಲಿಲ್ಲ. ಗಂಡನ ಜೀವ ತಾನೇ ಬೆಂಕಿಗೆ ಹಾಕಿದೆ ಅನ್ನಿಸುತ್ತಿತ್ತು. ಊರಿಗೆ ಹೇಳಿ ನಗಿಸಿ ಡಬ್ಬಿ ಕೊಡಿಸಿದವಳು ತಾನು. ನೋಡಿ ಆಯ್ತು ಅಂತ ಕೂಗಿದವಳು ತಾನು. ಹೊಲಿಗೆಯವಳು ಎದುರಿಗೆ ಬಂದರೆ ಬೇರೆ ದಾರಿ ಹಿಡಿಯುತ್ತಿದ್ದಳು. ಗಡಿಯಾರದಣ್ಣ ತೆಳ್ಳಗಾಗಿದ್ದ. ಸೊಂಟದ ಬೆಲ್ಟಿಗೆ ತನ್ನ ಸಣ್ಣ ಉಳಿಯಿಂದಲೇ ಹೊಸ ಹೊಸ ತೂತು ಕೊರೆದುಕೊಳ್ಳುತ್ತಿದ್ದ. "ಬೊಜ್ಜು ಇಳೀತು ನೋಡಕ್ಕಾ, ಪುಕ್ಕಟೆ" ಅಂದ. ಅವಳು ಹ್ಞೂಂ ಅಂದು ಮುಂದೆ ಹೋದಳು. ಹೋಗಿ ಮನೆಯ ಹಿಂದೆ ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ರೋಗ ಇಳಿಯಿತು ಅಂದರು. ಆಡಳಿತದ ಸಾಹೇಬರಿಂದ ಅವಳಿಗೆ ಕರೆ ಬಂತು. ಅವರ ಕೋಣೆಯನ್ನು ಅವಳು ದಿನಾ ಒರೆಸುತ್ತಿದ್ದಳು, ಅವರು ಇದ್ದಾಗ ಒಳಗೆ ಹೋದದ್ದು ಅವತ್ತೇ. ಸಾಹೇಬರ ಮೇಜಿನ ಪಕ್ಕ ಒಂದು ರಟ್ಟಿನ ಪೆಟ್ಟಿಗೆ. ಹಸಿರು ಮುಚ್ಚಳಗಳು.

"ಡಬ್ಬಿ ಪರೀಕ್ಷೆ ಮತ್ತೆ ಶುರು ಮಾಡ್ತಾ ಇದೀವಮ್ಮ. ನಿಮ್ಮ ಓಣಿಯಲ್ಲಿ ನಿನ್ನ ಮಾತು ಕೇಳ್ತಾರಂತೆ. ಹಂಚಿ ತಗೊಂಡು ಬಾ."

"ಹಳೇ ಡಬ್ಬಿ ಸಾರ್..."

"ಹಳೇದರ ಮಾತು ಬೇಡ. ಅದು ಕಷ್ಟಕಾಲ, ಯಾರ ತಪ್ಪೂ ಅಲ್ಲ. ಈಗ ಹೋಗಿ ಹೇಳಿದ್ರೆ ಜನಕ್ಕೆ ಆಸ್ಪತ್ರೆ ಮೇಲೆ ನಂಬಿಕೆ ಹೋಗುತ್ತೆ. ಹೋದ ಸಲದ್ದು ಚೆನ್ನಾಗಿತ್ತು, ಇದು ಮುಂದಿನ ಸಲದ್ದು ಅನ್ನು. ಅಷ್ಟೇ." ದನಿ ತಗ್ಗಿಸಿ ಅಂದರು, "ನಿನ್ನ ಗಂಡನಿಗೆ ಆ ಹೊಟ್ಟೆ ಚೀಲ ಬೇಕಲ್ಲ. ಹೊರಗೆ ಸಿಗಲ್ಲ ಅದು. ನಾನು ಸ್ಟೋರಿಂದ ಕೊಡಿಸ್ತೀನಿ." ಇನ್ನೂ ತಗ್ಗಿಸಿ, "ಮಾತು ಬಂದ್ರೆ ಸುಟ್ಟೋರು ಯಾರು ಅಂತ ಕೇಳ್ತಾರೆ ನೋಡು. ನಿನ್ನ ಮೇಲೇ ಬರುತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ."

ಅವಳು ತಲೆ ತಗ್ಗಿಸಿ ನಿಂತಳು. ಪೆಟ್ಟಿಗೆಯನ್ನು ಅವರು ಚಾಚಿದರು. ಅವಳ ಕೈ ತಾನಾಗಿ ಮುಂದೆ ಹೋಯಿತು. ದಾರಿಯುದ್ದಕ್ಕೂ ಆ ಕೈಯನ್ನೇ ಬೈದುಕೊಂಡು ಬಂದಳು.

ಮನೆಯಲ್ಲಿ ಚೀಲ ಬದಲಾಯಿಸುವಾಗ ಗಂಡನಿಗೆ ಎಲ್ಲ ಹೇಳಿದಳು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಹೇಳುತ್ತಿತ್ತು. ಅವನು ಗೋಡೆ ಕಡೆಯೇ ನೋಡುತ್ತಿದ್ದ. ಅವಳು ಹೇಳಿ ಮುಗಿಸಿದಳು. ಬೈಯಲಿ, ಹೊಡೆಯಲಿ ಅಂತ ಅವಳು ಕಾದಳು.

"ಹಂಗಾದ್ರೆ ನಾನು ಪಾಸಾಗಿರ್ಲಿಲ್ಲ" ಅಂದ ಕೊನೆಗೆ.

"ಇಲ್ಲ."

"ಯಾರೂ ಆಗಿರ್ಲಿಲ್ಲ."

"ಇಲ್ಲ ಕಣ್ರೀ."

ಅವನು ನಿಧಾನವಾಗಿ ಇತ್ತ ಹೊರಳಿದ. ಆಪರೇಷನ್ ಆದ ಮೇಲೆ ಅವಳ ಮುಖ ನೇರ ನೋಡಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ಸಿಟ್ಟಿತ್ತು.

"ಮಾನ ಬಿಟ್ಟು ಕೊಟ್ಟಿದ್ನಲ್ಲೇ. ತೆರೆದು ನೋಡೋ ಅಷ್ಟೂ ಬೆಲೆ ಇರ್ಲಿಲ್ವಾ ನನ್ನದಕ್ಕೆ?" ಉಸಿರು ತಗೊಂಡ. "ಗಡಿಯಾರದೋನು ಒಣಗ್ತಾ ಇದಾನೆ. ನನ್ನ ಮುಂದೆ ಹೇಳಿದಾನೆ, ಅವನಿಗೂ ಕೆಂಪಗೆ ಹೋಗ್ತಿದೆ. ಪಾಸಾಗಿದೀವಲ್ಲ ಅಂತ ಇಬ್ರೂ ನಕ್ಕಿದ್ವಿ. ಹೋಗಿ ಹೇಳು ಅವನಿಗೆ."

"ನಿಮ್ಮ ಚೀಲ..."

"ಬಟ್ಟೆ ಕಟ್ಕೋತೀನಿ. ಹೋಗೇ."

ನಲ್ಲಿಯಲ್ಲಿ ನೀರು ಬರುವ ಹೊತ್ತು. ಓಣಿಯೆಲ್ಲ ಕೊಡ ಹಿಡಿದು ನಿಂತಿತ್ತು. ಅವಳು ಕಟ್ಟೆ ಹತ್ತಿ ಕೂರಲಿಲ್ಲ. ಕೆಳಗೆ ಕೆಸರಲ್ಲಿ ನಿಂತು ಹೇಳಿದಳು. ಡಬ್ಬಿ ಯಾರೂ ತೆರೆಯಲಿಲ್ಲ. ನಾನು ಸುಟ್ಟದ್ದು ನೋಡದ ಡಬ್ಬಿ. ಫೋನ್ ಬರದೆ ಇದ್ದದ್ದು ನೀವು ಚೆನ್ನಾಗಿದ್ದೀರಿ ಅಂತಲ್ಲ. ನೀವು ಯಾರು ಅಂತಲೇ ಅವರಿಗೆ ನೆನಪಿರಲಿಲ್ಲ.

ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ತೋಚಲಿಲ್ಲ. ಗಡಿಯಾರದಣ್ಣನ ಕೈ ಅವನ ಬೆಲ್ಟಿನ ಮೇಲೆ ಹೋಯಿತು. ಹೊಲಿಗೆಯವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ನನ್ನ ಗಂಡಂದೂ?"

"ಅವಂದೂ ಕಣಮ್ಮ."

"ಹೊಟ್ಟೆನೋವು ಹೊಟ್ಟೆನೋವು ಅಂತಿದ್ದ. ನಾನೇ ಬೈದೆ. ಡಬ್ಬಿ ಪಾಸಾಗಿದೆ, ನಾಟಕ ಆಡಬೇಡ, ಕೆಲಸಕ್ಕೆ ಹೋಗು ಅಂತ ನಾನೇ ತಳ್ಳಿದೆ." ಅಂದವಳು ಕೈ ಎತ್ತಿ ಫಿನಾಯಿಲಕ್ಕನ ಕೆನ್ನೆಗೆ ಬಾರಿಸಿದಳು. ಓಣಿಗೆ ಕೇಳುವಂಥ ಏಟು. ಫಿನಾಯಿಲಕ್ಕ ಅಲುಗಲಿಲ್ಲ. ಇನ್ನೊಂದು ಬಿದ್ದಿದ್ದರೂ ಅಲುಗುತ್ತಿರಲಿಲ್ಲ. ಹೊಲಿಗೆಯವಳು ಹೊಡೆದ ಕೈಯನ್ನೇ ಬಾಯಿಗೆ ಒತ್ತಿಕೊಂಡು ಅವಳ ಕಾಲ ಹತ್ತಿರವೇ ಕುಸಿದಳು. ಇಬ್ಬರೂ ಕೆಸರಲ್ಲಿ ಕೂತು ಅತ್ತರು.

ಗಡಿಯಾರದಣ್ಣ ಮೊದಲು ಮಾತಾಡಿದ. "ಆ ಪೆಟ್ಟಿಗೆ ಎಲ್ಲಿದೆ ಅಕ್ಕಾ? ಹೊಸದು. ತಗೊಂಡು ಬಾ."

ಮರುದಿನ ಬೆಳಿಗ್ಗೆ ಓಣಿ ಆಸ್ಪತ್ರೆಗೆ ನಡೆಯಿತು. ಈ ಸಲ ಡಬ್ಬಿಯನ್ನು ಯಾರೂ ಹಾಳೆಯಲ್ಲಿ ಸುತ್ತಲಿಲ್ಲ, ಸೆರಗಲ್ಲಿ ಮುಚ್ಚಲಿಲ್ಲ. ಕೈಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದರು. ಮುಳುಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಅಂಗಿ ಗುಂಡಿ ಹಾಕಿರಲಿಲ್ಲ, ಚೀಲ ಕಾಣುತ್ತಿತ್ತು. ಮುಚ್ಚಿಕೊಳ್ಳಿ ಅಂತ ಅವಳು ಅಂದದ್ದಕ್ಕೆ, "ನೋಡ್ಲಿ. ಇದನ್ನಾದ್ರೂ ನೋಡ್ಲಿ" ಅಂದ.

ಅವಳು ಮುಂದಿನ ಬಾಗಿಲಿಂದ ಒಳಗೆ ಹೋದಳು. ಗಾರ್ಡು ಹಿಂದಿನ ಬಾಗಿಲು ಆ ಕಡೆ ಅಂದ. ಗೊತ್ತು ಅಂದಳು.

ಹಾಲಿನ ನಡುವೆ ನುಣ್ಣನೆಯ ನೆಲ. ಹಿಂದಿನ ದಿನ ಅವಳೇ ಒರೆಸಿದ್ದು. ಅದರ ಮೇಲೆ ಒಬ್ಬೊಬ್ಬರಾಗಿ ಡಬ್ಬಿ ಇಟ್ಟರು. ಹಸಿರು ಮುಚ್ಚಳಗಳ ಸಾಲು ಬೆಳೆಯಿತು. ಕುರ್ಚಿಗಳಲ್ಲಿ ಕೂತಿದ್ದ ರೋಗಿಗಳು ಎದ್ದು ನೋಡಿದರು. ಏನಿದು ಅಂತ ಒಬ್ಬರು ಕೇಳಿದರು. "ನಮ್ಮ ಹೇಲು" ಅಂದ ಗಡಿಯಾರದಣ್ಣ, ಜೋರಾಗಿ. "ಹೋದ ಸಲ ನೋಡದೆ ಸುಟ್ರು. ಈ ಸಲ ನಮ್ಮ ಕಣ್ಣೆದುರಿಗೆ ಯಂತ್ರಕ್ಕೆ ಹಾಕ್ತಾರೆ. ಅಲ್ಲೀವರೆಗೂ ನಾವು ಏಳಲ್ಲ."

ಹೊಲಿಗೆಯವಳು ತನ್ನ ಡಬ್ಬಿ ಇಟ್ಟಳು. ಅದರ ಪಕ್ಕ ಇನ್ನೊಂದು ಇಟ್ಟಳು. ಅದು ಖಾಲಿ.

"ಇದು ನನ್ನ ಗಂಡಂದು" ಅಂದಳು. "ಇದನ್ನೂ ನೋಡಿ."

ಆಡಳಿತದ ಸಾಹೇಬರು ಓಡಿ ಬಂದರು. ಮಾಸ್ಕಿನ ಮೇಲೆ ಕರವಸ್ತ್ರ ಒತ್ತಿಕೊಂಡಿದ್ದರು. ಡಬ್ಬಿಗಳ ಮುಚ್ಚಳ ಭದ್ರವಾಗಿತ್ತು, ವಾಸನೆ ಎಲ್ಲಿಂದ ಬರಬೇಕು? ಆದರೂ ಮೂಗು ಮುಚ್ಚಿದರು. ಇಂಥ ಜನರ ಮುಂದೆ ಅವರ ಕೈ ತಾನಾಗಿ ಮೂಗಿಗೆ ಹೋಗುತ್ತದೆ.

"ಏನ್ ಗಲೀಜಿದು! ನಾಚಿಕೆ ಆಗಲ್ವಾ ನಿಮಗೆ?"

"ಆಗ್ತಿತ್ತು ಸಾರ್" ಅಂದಳು ಫಿನಾಯಿಲಕ್ಕ. "ಇಷ್ಟು ದಿನ ನಮಗೇ ಆಗ್ತಿತ್ತು."

ಸಾಹೇಬರಿಗೆ ಅವಳ ಗುರುತು ಸಿಕ್ಕಿತು. ಮುಖ ಕೆಂಪಾಯಿತು. ಕೆಳಗಿನ ಸಾಲಿನ ಕಡೆ ಬೆರಳು ತೋರಿಸಿದರು. "ಏಯ್, ನೀನು. ಎತ್ತು ಇದನ್ನೆಲ್ಲ. ಈಗಲೇ."

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಇದು ಇನ್ನೂ ಮುಗಿದಿಲ್ಲ."

ಕೆಲಸ ಹೋಗುತ್ತೆ ಅಂದರು. ಹೋಗಲಿ ಅಂದಳು. ಸುಟ್ಟವಳು ನೀನೇ ಅಂದರು. "ಹೌದು, ನಾನೇ" ಅಂದಳು, ಹಾಲಿಗೆಲ್ಲ ಕೇಳುವ ಹಾಗೆ. "ನನ್ನ ಕೈಗೆ ಕೊಟ್ಟೋರು ಯಾರು ಅಂತಾನೂ ಹೇಳಿ ಸಾರ್." ಹೇಳಿ, ನಿಂತ ಜಾಗದಲ್ಲೇ ನೆಲದ ಮೇಲೆ ಕೂತಳು. ಇಷ್ಟು ವರ್ಷ ಮಂಡಿಯೂರಿ ಒರೆಸಿದ ನೆಲ. ಅದರ ಮೇಲೆ ಕೂತದ್ದು ಅವತ್ತೇ. ಓಣಿಯೂ ಕೂತಿತು.

ಮೇಲಿನ ಮೆಟ್ಟಿಲಿಂದ ಲ್ಯಾಬಿನವನು ಇಳಿದು ಬಂದ. ಸಾಹೇಬರನ್ನು ನೋಡಿದ. ತಳ್ಳುಗಾಡಿಯಲ್ಲಿದ್ದ ಮುಳುಗನ ತೆರೆದ ಹೊಟ್ಟೆ ನೋಡಿದ. ಆಮೇಲೆ ಬಗ್ಗಿ, ಸಾಲಿನ ತುದಿಯಲ್ಲಿದ್ದ ಒಂದು ಡಬ್ಬಿ ಎತ್ತಿಕೊಂಡ. ಅವನ ಕೈಗೆ ಸಿಕ್ಕಿದ್ದು ಖಾಲಿಯದು. ಹಗುರ ತಿಳಿದು ಗಕ್ಕನೆ ನಿಂತ. ಅದನ್ನು ಯಂತ್ರಕ್ಕೆ ಹಾಕುವ ಹಾಗಿಲ್ಲ, ಎಲ್ಲಿ ಇಡಬೇಕೋ ತಿಳಿಯದು. ಹೊಲಿಗೆಯವಳು ಅವನನ್ನೇ ನೋಡುತ್ತಿದ್ದಳು.

ಅವನು ಏನು ಮಾಡಲೂ ತೋಚದೆ, ಎಷ್ಟೋ ವರ್ಷದ ಅಭ್ಯಾಸದಿಂದ, ಆ ಖಾಲಿ ಡಬ್ಬಿಯನ್ನು ಫಿನಾಯಿಲಕ್ಕನ ಕಡೆ ಚಾಚಿದ.

ಅವಳು ಕೈ ಚಾಚಲಿಲ್ಲ.